ಒಳಖೋಲಿಯ ಕೀಲಿ

ಊರಿಗೆ ಹೊರಡುವುದೆಂದರೆ ಗಂಡಸರಿಗೆ ಒಂದು ದಿನದ ಮಾತು. ಬಸ್ಸಿನ ವೇಳೆ ನೋಡಿಕೊಂಡು, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿ, "ಇನ್ನೂ ಆಗಲಿಲ್ಲವೇನು?" ಎಂದು ಹೊಸ್ತಿಲ ಹೊರಗೆ ನಿಂತು ಕೂಗಿದರೆ ಅವರ ತಯಾರಿ ಮುಗಿಯಿತು. ನಮಗೆ ಮಾತ್ರ ಅದು ಎಂಟು ದಿನ ಮೊದಲೇ ಶುರುವಾಗುವ ಕೆಲಸ. ಬುತ್ತಿಗೆ ಕಟಕ ರೊಟ್ಟಿ ಬಡಿಯಬೇಕು, ಶೇಂಗಾ ಚಟ್ನಿ ಕುಟ್ಟಬೇಕು. ಹಾಲಿನವನಿಗೆ ಬೇಡವೆಂದು ಹೇಳಬೇಕು. ಬೇಳೆಯ ಡಬ್ಬಿಯಲ್ಲಿ ಒಣಮೆಣಸಿನಕಾಯಿ ಇಡಬೇಕು. ಉಳಿದ ತರಕಾರಿಯನ್ನು ಅವರಿವರಿಗೆ ಕೊಡಬೇಕು. ಮೊಸರನ್ನು ಪಕ್ಕದ ಮನೆಗೆ ಕೊಟ್ಟು, ಬಂದ ಮೇಲೆ ಹೆಪ್ಪಿಗೆ ಅವರಲ್ಲೇ ಕೇಳಬೇಕು. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ಒಳಗೆ ಹೋಗಿ ನೋಡಬೇಕು. ಕೊನೆಗೆ ಒಂದು ಕೊಡ ನೀರು ತುಂಬಿಟ್ಟೇ ಹೊರಬೀಳಬೇಕು. ಬರಿದಾದ ಕೊಡಕ್ಕೆ ಬೆನ್ನು ತೋರಿಸಿ ಹೋಗಬಾರದೆಂದು ನಮ್ಮ ಅತ್ತೆ ಹೇಳುತ್ತಿದ್ದರು.

ಇಷ್ಟೆಲ್ಲ ಮಾಡುವಾಗ ನಾವು ನಿಜವಾಗಿ ಮಾಡುತ್ತಿರುವುದೇನು? ಮನೆಯನ್ನು ಕಾಪಾಡುತ್ತಿದ್ದೇವೆಯೇ, ಅಥವಾ ನಾವಿಲ್ಲದೆಯೂ ಈ ಮನೆ ಇರುತ್ತದೆಂಬ ಮಾತನ್ನು ಒಪ್ಪಲಾರದೆ ಒದ್ದಾಡುತ್ತಿದ್ದೇವೆಯೇ? ಈ ಪ್ರಶ್ನೆ ನನ್ನನ್ನು ಮೊದಲು ಕಾಡಿದ್ದು 1994ರ ಬೇಸಿಗೆಯಲ್ಲಿ, ನಾವು ಮಂಠಾಳದಲ್ಲಿದ್ದಾಗ. ಅದಕ್ಕೆ ಕಾರಣ ಒಂದು ಕೀಲಿ.

ನಾನು ಅಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಬಾಡಿಗೆಯ ಮನೆ, ಮಣ್ಣಿನ ಮಾಳಿಗೆ, ಕಲ್ಲಿನ ದಪ್ಪ ಗೋಡೆ. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದರು. ಓಣಿಯವರೆಲ್ಲ ಅವರನ್ನು ದೊಡ್ಡವ್ವ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅದರ ಹಿಂದಿನ ವರ್ಷ, 1993ರ ಸೆಪ್ಟೆಂಬರ್ 30ರಂದು ನಸುಕಿನ ನಾಲ್ಕರ ಸುಮಾರಿಗೆ ಕಿಲ್ಲಾರಿಯ ಭೂಕಂಪವಾಗಿತ್ತು. ಗಣಪತಿಯನ್ನು ಕಳಿಸಿ ಬಂದು ಜನ ದಣಿದು ಮಲಗಿದ ರಾತ್ರಿ ಅದು. ಲಾತೂರು ಜಿಲ್ಲೆಯಲ್ಲೂ, ಈಗ ಧಾರಾಶಿವ ಎನ್ನುವ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲೂ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಕಾಪಾಡಬೇಕಾದ ಕಲ್ಲುಮಣ್ಣಿನ ಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ಗಡಿಯ ಈಚೆ ನಮ್ಮ ಕಡೆಯೂ ನೆಲ ನಡುಗಿತು. ಆ ಕತ್ತಲಲ್ಲಿ ನನ್ನ ಸಣ್ಣ ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದವರು ದೊಡ್ಡವ್ವ. ಆಮೇಲೆ ಎಷ್ಟೋ ರಾತ್ರಿ ನಾವೆಲ್ಲ ಅವರ ಅಂಗಳದಲ್ಲೇ ಮಲಗಿದೆವು. ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಕೀಲಿಯ ನೆನಪು ಯಾರಿಗಿತ್ತು? ಒಂದು ಚಮಚವೂ ಕಳೆಯಲಿಲ್ಲ.

ಎಂಟು ತಿಂಗಳ ನಂತರ, ಮೇ ರಜೆಯಲ್ಲಿ, ಸಮುದ್ರ ನೋಡಬೇಕೆಂಬ ಬಹುದಿನದ ಆಸೆ ಕೂಡಿಬಂತು. ಗೋಕರ್ಣ, ಮುರುಡೇಶ್ವರ, ಉಡುಪಿ ಎಂದು ಹತ್ತು ದಿನದ ಪ್ರವಾಸ. ಹೊರಬಾಗಿಲಿನ ಕೀಲಿಕೈಯನ್ನು ದೊಡ್ಡವ್ವನ ಕೈಗೆ ಕೊಟ್ಟೆ. ತುಳಸಿಗೆ ನೀರು ಹಾಕಬೇಕು, ನಳ ಬಂದಾಗ ಹಂಡೆ ತುಂಬಬೇಕು, ಬೆಕ್ಕಿಗೆ ಒಂದಿಷ್ಟು ಅನ್ನ ಹಾಕಬೇಕು. ಆದರೆ ಅದಕ್ಕೆ ಮೊದಲೇ ಬಸವಕಲ್ಯಾಣದ ಪೇಟೆಯಿಂದ ಒಂದು ಹೊಸ ಹಿತ್ತಾಳೆ ಕೀಲಿ ತರಿಸಿ ಒಳಖೋಲಿಗೆ ಹಾಕಿದ್ದೆ. ಆ ಖೋಲಿಯ ಟ್ರಂಕಿನಲ್ಲಿ ನನ್ನ ಎರಡು ಬಂಗಾರದ ಪಾಟಲಿ ಇದ್ದವು. ದೊಡ್ಡವ್ವ ಆ ಕೀಲಿಯ ಕಡೆ ನೋಡಿದ್ದು ಕಂಡು, ಕೇಳದಿದ್ದರೂ ನಾನೇ ಹೇಳಿದೆ: "ಒಳಗಿನ ಕೀಲಿ ಕೆಟ್ಟದ ದೊಡ್ಡವ್ವ, ತೆಗಿಯಾಕ ಬರಂಗಿಲ್ಲ. ಅದರ ಗೊಡವಿ ಬ್ಯಾಡ."

"ಆಗ್ಲಿ ಅಕ್ಕೋರ. ಚಿಂತಿ ಮಾಡಬ್ಯಾಡ್ರಿ. ಸಮುದ್ರ ಕಣ್ತುಂಬ ನೋಡಿ ಬರ್ರಿ" ಎಂದರು ಅವರು.

ಸಮುದ್ರವನ್ನು ನೋಡಿದೆ. ಆದರೆ ಕಣ್ತುಂಬ ನೋಡಿದೆನೆಂದು ಹೇಳಲಾರೆ. ಮಕ್ಕಳು ಅಲೆಯಲ್ಲಿ ಕುಣಿಯುತ್ತಿದ್ದರೆ ನನ್ನ ಕೈ ಸೆರಗಿನ ಗಂಟಿಗೆ ಹೋಗಿ ಆ ಪುಟ್ಟ ಕೀಲಿಕೈಯನ್ನು ತಡವುತ್ತಿತ್ತು. ಮನೆ ಬಿಟ್ಟು ಬಂದಿದ್ದೆ, ಒಳಖೋಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ.

ತಿರುಗಿ ಬಂದಾಗ ಮನೆ ಗುಡಿಸಿ ಸಾರಿಸಿದಂತಿತ್ತು. ತುಳಸಿ ಚಿಗುರಿತ್ತು. ಒಳಖೋಲಿಯ ಹೊಸ್ತಿಲಿಗೆ ಮಾತ್ರ ಗೋಣಿಚೀಲಗಳನ್ನು ಒತ್ತಿಟ್ಟಿದ್ದರು. ನಾವು ಹೋದ ನಾಲ್ಕನೆಯ ದಿನ ಆಲಿಕಲ್ಲಿನ ಸಮೇತ ದೊಡ್ಡ ಮಳೆಯಾಗಿತ್ತಂತೆ. ದೊಡ್ಡವ್ವ ಮೊಮ್ಮಗನನ್ನು ಮಾಳಿಗೆ ಹತ್ತಿಸಿ ಬೆಳಕಿಂಡಿಗೆ ತಗಡು ಮುಚ್ಚಿಸಿದ್ದರು. ಆದರೆ ಮಾಳಿಗೆಯೇ ಸೋರಿತ್ತು. ಒಳಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಾ ರಾತ್ರಿಯೆಲ್ಲ ಬಾಗಿಲ ಹೊರಗೆ ಕುಳಿತಿದ್ದರು. ಕೀಲಿ ಒಡೆಯೋಣವೆಂದು ಮೊಮ್ಮಗ ಅಂದನಂತೆ. "ಮಂದಿ ಮನಿ ಕೀಲಿ ಒಡೀಬಾರದು" ಎಂದು ಇವರೇ ತಡೆದರಂತೆ.

ಬಾಗಿಲು ತೆಗೆದೆ. ವರ್ಷಕ್ಕೆಂದು ತೆಗೆದಿಟ್ಟ ತೊಗರಿಬೇಳೆಯ ಚೀಲ ನೆನೆದು ಬೂಷ್ಟು ಹಿಡಿದಿತ್ತು. ಅದು ಹೋಗಲಿ, ಗೂಡಿನಲ್ಲಿಟ್ಟಿದ್ದ ನನ್ನ ತಂದೆಯ ಪತ್ರಗಳ ಕಟ್ಟು ಮುದ್ದೆಯಾಗಿತ್ತು. ನನ್ನ ಮದುವೆಯಾದ ಮೇಲೆ ಅವರು ಸಾಯುವತನಕ ಬರೆದ ಪತ್ರಗಳು. ಶಾಯಿಯೆಲ್ಲ ಹರಡಿ ಒಂದಕ್ಷರವೂ ಉಳಿದಿರಲಿಲ್ಲ. ಟ್ರಂಕಿನಲ್ಲಿ ಪಾಟಲಿಗಳು ಒಣಗಿಕೊಂಡು ಹೊಳೆಯುತ್ತಿದ್ದವು. ದೊಡ್ಡವ್ವ ಒಂದು ಮಾತೂ ಆಡಲಿಲ್ಲ. ನನ್ನೊಡನೆ ಬೇಳೆಯನ್ನು ಬಿಸಿಲಿಗೆ ಹರಡಿದರು. ಹೋಗುವಾಗ ಇಷ್ಟೇ ಅಂದರು: "ಆ ಕೆಟ್ಟ ಕೀಲಿ ಒಂದು ರಿಪೇರಿ ಮಾಡಸ್ರಿ ಅಕ್ಕೋರ." ನನ್ನ ಸುಳ್ಳನ್ನೂ ಅವರು ತುಳಸಿಯ ಹಾಗೇ ಜೋಪಾನ ಮಾಡಿದ್ದರು.

ನಾನು ಅತ್ತದ್ದು ನೋಡಿ ನಮ್ಮವರು ಸಮಾಧಾನ ಹೇಳಿದರು. "ಕೀಲಿ ಹಾಕಿದ್ದರಲ್ಲಿ ತಪ್ಪೇನಿದೆ? ಅದು ಅವರಿಗೂ ಒಳ್ಳೆಯದೇ. ಏನಾದರೂ ಕಳೆದರೆ ಸಂಶಯ ಮೊದಲು ಕೀಲಿಕೈ ಇದ್ದವರ ಮೇಲೇ ಬರುತ್ತದೆ. ಆ ಭಾರ ಅವರಿಗೆ ಯಾಕೆ?" ಈ ಮಾತಿನಲ್ಲಿ ಹುರುಳಿದೆಯೆಂದು ಇಂದಿಗೂ ನನಗನಿಸುತ್ತದೆ. ಬಡವರ ಕೈಗೆ ಬಂಗಾರದ ಜವಾಬ್ದಾರಿ ಹೊರಿಸಿ ನಾವು ಸಮುದ್ರ ನೋಡುವುದು ವಿಶ್ವಾಸವಲ್ಲ, ಅದು ನಮ್ಮ ಸುಖಕ್ಕೆ ಅವರ ನಿದ್ದೆ ಕೆಡಿಸುವುದು. ಹಾಗಾದರೆ ನನ್ನ ತಪ್ಪು ಎಲ್ಲಿತ್ತು? ಬಹಳ ದಿನ ಯೋಚಿಸಿದ ಮೇಲೆ ತಿಳಿಯಿತು: ತಪ್ಪು ಕೀಲಿಯಲ್ಲಿರಲಿಲ್ಲ, ಸುಳ್ಳಿನಲ್ಲಿತ್ತು. "ದೊಡ್ಡವ್ವ, ಒಳಗೆ ಬಂಗಾರ ಇದೆ, ಅದಕ್ಕೆ ಕೀಲಿ ಹಾಕಿದ್ದೇನೆ, ಬೇಕಾದರೆ ಒಡೆಯಿರಿ" ಎಂದು ಹೇಳಿದ್ದರೆ ಅವರು ನಕ್ಕು ಒಪ್ಪುತ್ತಿದ್ದರು. ಮಳೆಯ ರಾತ್ರಿ ಒಡೆಯುತ್ತಲೂ ಇದ್ದರು. ಮುಖಕ್ಕೆ ಹೇಳಿ ಹಾಕಿದ ಕೀಲಿ ಎಚ್ಚರಿಕೆ. ಮುಚ್ಚಿಟ್ಟು ಹಾಕಿದ ಕೀಲಿ ಅವಮಾನ.

ಇನ್ನೂ ಒಂದು ಮಾತಿದೆ. ಬಸವಕಲ್ಯಾಣದ ಸುತ್ತಲಿನವರಾದ ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೊಸದಲ್ಲ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದ ಗಟ್ಟಿಗಿತ್ತಿ ಆಕೆ. ಲಕ್ಕಮ್ಮನ ಮನೆಗೆ ಒಳಖೋಲಿಯೇ ಬೇಕಿರಲಿಲ್ಲ. ಊರಿಗೆ ಹೊರಟರೆ ಆಕೆಗೆ ತಯಾರಿಯೂ ಇರುತ್ತಿರಲಿಲ್ಲ. ನಮ್ಮಂಥ ಸಂಸಾರಸ್ಥರು ಲಕ್ಕಮ್ಮ ಆಗಲಾರೆವು. ಮಕ್ಕಳ ಮದುವೆಗೆಂದು ಎರಡು ಪಾಟಲಿ ಇಟ್ಟುಕೊಳ್ಳುವುದು ಪಾಪವೂ ಅಲ್ಲ. ಆದರೂ ಊರಿಗೆ ಹೊರಡುವಾಗ ಯಾವ ವಸ್ತುವಿಗೆ ಎರಡು ಕೀಲಿ ಹಾಕುತ್ತೇವೆ, ಯಾವುದನ್ನು ಗೂಡಿನಲ್ಲಿ ಹಾಗೇ ಬಿಟ್ಟು ಹೋಗುತ್ತೇವೆ ಎಂದು ಒಂದು ಗಳಿಗೆ ನಿಂತು ನೋಡಿದರೆ ನಮ್ಮ ಮನಸ್ಸು ನಮಗೇ ಕಾಣುತ್ತದೆ. ನಾನು ಬಂಗಾರಕ್ಕೆ ಟ್ರಂಕು ಹುಡುಕಿದೆ, ತಂದೆಯ ಅಕ್ಷರಕ್ಕೆ ಹುಡುಕಲಿಲ್ಲ.

ಮರುವರ್ಷ ತವರಿಗೆ ಹೊರಟಾಗ ಎರಡೂ ಕೀಲಿಕೈಗಳನ್ನು ದೊಡ್ಡವ್ವನ ಮುಂದಿಟ್ಟೆ. ಪಾಟಲಿಗಳನ್ನು ಅಷ್ಟರಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದೆ, ಅದನ್ನೂ ಹೇಳಿದೆ. ಗಂಟಲು ಕಟ್ಟುತ್ತಿದ್ದರೂ ಇನ್ನೊಂದು ಮಾತು ಹೇಳಿಬಿಟ್ಟೆ: "ಹೋದ ವರ್ಷ ಆ ಕೀಲಿ ಕೆಟ್ಟಿದ್ದಿಲ್ಲ ದೊಡ್ಡವ್ವ."

ಅವರು ಬೊಚ್ಚುಬಾಯಿ ತೆರೆದು ನಕ್ಕರು. "ನನಗ ಗೊತ್ತಿತ್ತ್ರೀ ಅಕ್ಕೋರ. ಕೆಟ್ಟ ಕೀಲಿ ಎಲ್ಲೆರೆ ಹಂಗ ಮಿರಿಮಿರಿ ಮಿಂಚತದೇನು?" ನಾನೂ ನಕ್ಕೆ, ಅತ್ತೆ. ಅವರು ಕೀಲಿಕೈಗಳನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಈಗ ದೊಡ್ಡವ್ವ ಇಲ್ಲ. ನಾವೂ ಮಂಠಾಳ ಬಿಟ್ಟು ಬಹಳ ವರ್ಷವಾಯಿತು. ಬೀದರ-ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾಗಿ, ಹುಮನಾಬಾದಿನಲ್ಲೇ ರೈಲು ಹತ್ತುವ ಅನುಕೂಲವಾಗಿದೆ. ಊರಿಗೆ ಹೋಗುವುದು ಮೊದಲಿನಷ್ಟು ದೊಡ್ಡ ಮಾತಲ್ಲ. ಈಗಲೂ ನಾನು ಗ್ಯಾಸು ಬಂದ್ ಮಾಡಿದ್ದನ್ನು ಮೂರು ಸಲ ನೋಡುತ್ತೇನೆ, ಕೊಡ ತುಂಬಿಡುತ್ತೇನೆ, ಹೆಪ್ಪನ್ನು ಪಕ್ಕದ ಮನೆಗೆ ಕೊಡುತ್ತೇನೆ. ಕೀಲಿಯನ್ನೂ ಹಾಕುತ್ತೇನೆ. ಆದರೆ ಬಾಗಿಲು ಎಳೆಯುವ ಮೊದಲು, ಯಾರ ಕೈಗೆ ಕೀಲಿಕೈ ಕೊಡುತ್ತೇನೋ ಅವರಿಗೆ ಹೇಳಬೇಕಾದ ನಿಜವೇನಾದರೂ ಉಳಿದಿದೆಯೇ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ. ಅದನ್ನು ಹೇಳಿ ಹೊರಟ ದಿನ ಸೆರಗಿನ ಗಂಟು ಹಗುರವಾಗಿರುತ್ತದೆ.