ಕಿಣ್ವ ಮತ್ತು ಚೈತನ್ಯ

ಧಾನ್ಯ, ನೀರು, ಬೆಲ್ಲ ಮೊದಲಾದವುಗಳಲ್ಲಿ ಬಿಡಿಬಿಡಿಯಾಗಿ ಕಾಣದ ಮದಶಕ್ತಿಯು ಅವು ಕಿಣ್ವದೊಡನೆ ಕಲೆತು ಹುದುಗಿದಾಗ ತಾನಾಗಿ ತಲೆದೋರುವಂತೆ, ಪೃಥಿವಿ, ಅಪ್ಪು, ತೇಜಸ್ಸು, ವಾಯುಗಳೆಂಬ ನಾಲ್ಕು ಭೂತಗಳು ದೇಹಾಕಾರವಾಗಿ ಕೂಡಿದಾಗ ಚೈತನ್ಯವು ತಲೆದೋರುತ್ತದೆ, ದೇಹವಳಿದಾಗ ಅದೂ ಅಳಿಯುತ್ತದೆ, ಆದುದರಿಂದ ಆತ್ಮವೆಂಬ ಬೇರೊಂದು ವಸ್ತುವಿಲ್ಲ ಎಂಬುದು ಚಾರ್ವಾಕರ ವಾದ. 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ವು ಮೊದಲ ಪ್ರಕರಣದಲ್ಲಿಯೇ ಇದನ್ನು ನಿರೂಪಿಸುತ್ತದೆ. ಇದನ್ನು ಓದಿದ ದಿನಗಳಲ್ಲಿ ನಾನು ಸುರೆಯ ಭಾಂಡವನ್ನು ಕಂಡವನಲ್ಲ. ದೃಷ್ಟಾಂತವನ್ನು ಹಾಗೆಯೇ ಒಪ್ಪಿಕೊಂಡು ಸಿದ್ಧಾಂತದೊಡನೆ ಮಾತ್ರ ಜಗಳವಾಡಿದ್ದೆ.

ಭಾಂಡವನ್ನು ಕಂಡದ್ದು ಬಹುಕಾಲದ ಮೇಲೆ, ಅಮೆರಿಕದಲ್ಲಿ ನೆಲಸಿರುವ ಮಿತ್ರರೊಬ್ಬರ ನೆಲಮಾಳಿಗೆಯಲ್ಲಿ. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದನ್ನು ಅಲ್ಲಿನ ಸರ್ಕಾರ 1978ರ ಕಾನೂನಿನಿಂದ ಮನ್ನಿಸಿದೆ. ಪಾನದ ಗುಣದೋಷಗಳನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಪಾತ್ರೆ. ಒಂದು ಕಾಲಕ್ಕೆ ಸೋಡಾ ಪಾನೀಯಗಳ ಸಿಹಿಪಾಕವನ್ನು ಅಂಗಡಿಗಳಿಗೆ ಹೊತ್ತ, 19 ಲೀಟರ್ ಹಿಡಿಯುವ, ತುಕ್ಕು ಹಿಡಿಯದ ಉಕ್ಕಿನ ಕೆಗ್ ಅದು. ಮೊಳಕೆಯೊಡೆಸಿದ ಜವೆಗೋಧಿಯ ರಸವನ್ನು ಹಾಪ್ಸ್‌ನೊಡನೆ ಕುದಿಸಿ, ನೊರೆ ಉಕ್ಕುವುದಕ್ಕೆಂದು ಮೂರು ಲೀಟರಿನಷ್ಟು ಜಾಗ ಬಿಟ್ಟು ಅದರಲ್ಲಿ ತುಂಬುತ್ತಾರೆ. ನಮ್ಮ ತಾಯಂದಿರು ದೋಸೆಹಿಟ್ಟಿನ ಪಾತ್ರೆಯನ್ನು ಕಂಠಮಟ್ಟ ತುಂಬದಿದ್ದ ವಿವೇಕವೇ ಇದು. ರಬ್ಬರಿನ ಉಂಗುರದ ಮೇಲೆ ಮುಚ್ಚಳವನ್ನು ಬಿಗಿದು, ಅನಿಲದ ಮೂತಿಗೆ ಮಾಪಕವುಳ್ಳ ಕವಾಟವನ್ನು ಕೂರಿಸುತ್ತಾರೆ. ಗೊತ್ತುಮಾಡಿದ ಮಿತಿಯನ್ನು ಮೀರಿದ ಒತ್ತಡವನ್ನಷ್ಟೇ ಕವಾಟ ಹೊರಬಿಡುತ್ತದೆ. ಮಿಕ್ಕ ಅನಿಲ ಬಿಯರಿನಲ್ಲಿಯೇ ಕರಗುತ್ತದೆ. ಹೊರಗಿನ ಗಾಳಿ ಒಳಹೊಗಲಾರದು. ಗಾಜಿನ ಬುರುಡೆಯಲ್ಲಾದರೆ ನೊರೆಯೂ ಗಷ್ಟವೂ ಕಣ್ಣಿಗೆ ಬೀಳುತ್ತವೆ. ಇಲ್ಲಿ ಮಾಪಕದ ಮುಳ್ಳೊಂದೇ ಸಾಕ್ಷಿ.

ಆ ದಿನ ಒಂದೇ ಕುದಿತದ ರಸ ಎರಡು ಕೆಗ್‌ಗಳಲ್ಲಿತ್ತು. ಒಂದಕ್ಕೆ ಯೀಸ್ಟ್ ಬಿದ್ದಿತ್ತು. ಇನ್ನೊಂದರ ಪೊಟ್ಟಣ ಇನ್ನೂ ಬರಬೇಕಿತ್ತು. ಎರಡನೆಯ ದಿನ ಮೊದಲನೆಯದರ ಮುಳ್ಳು ಒಂದು ವಾಯುಭಾರದಷ್ಟು ಏರಿ ಕವಾಟ ಸಣ್ಣಗೆ ಸುಯ್ಗುಟ್ಟುತ್ತಿದ್ದರೆ, ಎರಡನೆಯದರ ಮುಳ್ಳು ಸೊನ್ನೆಯನ್ನು ಬಿಟ್ಟಿರಲಿಲ್ಲ. ಅದೇ ಧಾನ್ಯ, ಅದೇ ನೀರು, ಅದೇ ಬಿಸುಪು, ಆದರೂ ನಿಶ್ಚಲ. ಹುದುಗುವಿಕೆಯು ಜೀವಾಣುಗಳ ಕೆಲಸವೆಂದು ಬಿಯರನ್ನು ಕುರಿತ 1876ರ ತನ್ನ ಗ್ರಂಥದಲ್ಲಿ ಪಾಶ್ಚರ್ ಪ್ರತಿಪಾದಿಸಿದ್ದು ನೆನಪಾಯಿತು. ಕಿಣ್ವವು ಹಲವು ದ್ರವ್ಯಗಳಲ್ಲಿ ಇನ್ನೊಂದು ದ್ರವ್ಯವಲ್ಲ, ಅದೇ ಒಂದು ಜೀವ. ಜಡದಿಂದ ಚೇತನ ಹುಟ್ಟಿತೆನ್ನುವವನು ಆಗಲೇ ಜೀವವನ್ನು ಬೆರೆಸಿಕೊಂಡೇ ಮಾತನಾಡುತ್ತಿದ್ದಾನೆ ಎಂದು ಹಿಗ್ಗಿದೆ.

ಆ ಹಿಗ್ಗು ಬಾಳಲಿಲ್ಲ. 1897ರಲ್ಲಿ ಜರ್ಮನಿಯ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿ, ಜೀವಕೋಶವಿಲ್ಲದ ಆ ರಸದಿಂದಲೇ ಸಕ್ಕರೆ ಹುದುಗುವುದನ್ನು ತೋರಿಸಿಕೊಟ್ಟನು. ಚಾರ್ವಾಕನು ಇದನ್ನು ಎರಡು ಕೈಯಲ್ಲಿ ಎತ್ತಿಕೊಂಡಾನು. ಇದನ್ನು ಮರೆಮಾಚಿ ಅವನನ್ನು ಗೆಲ್ಲುವುದು ವಾದಧರ್ಮವಲ್ಲ. ರಸವು ಬಂದದ್ದು ಜೀವದಿಂದಲೇ ಎಂದರೆ, ಆ ಜೀವ ಎಲ್ಲಿಂದ ಬಂತೆಂದು ಅವನು ಕೇಳುತ್ತಾನೆ. ಆ ದಾರಿಗೆ ಕೊನೆಯಿಲ್ಲ.

ಆದರೆ ದೃಷ್ಟಾಂತದ ಊನ ಬೇರೊಂದು ಕಡೆ ಇದೆ. ಭೂತಗಳು ಅರಿವಿಗೆ ವಿಷಯವಾಗುತ್ತವೆ. ಅರಿವು ಭೂತಗಳ ಧರ್ಮವೇ ಆಗಿದ್ದರೆ ಅವುಗಳನ್ನೇ ವಿಷಯ ಮಾಡಿಕೊಳ್ಳಲಾರದು, ಬೆಂಕಿ ತನ್ನನ್ನು ತಾನು ಸುಡಲಾರದಷ್ಟೆ ಎಂದು ಶಂಕರರು ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ವಾದಿಸಿದ್ದಾರೆ. ಇದನ್ನು ಕೆಗ್ಗಿನ ಮುಂದೆ ನಿಂತು ಯೋಚಿಸಿದಾಗ ಹೊಳೆದದ್ದು ಇಷ್ಟು: ಆ ಉಕ್ಕಿನೊಳಗೆ ಸಕ್ಕರೆ ಮದ್ಯಸಾರವಾಗಬಹುದು, ಅನಿಲ ತುಂಬಬಹುದು, ಮದ ಮಾತ್ರ ಅಲ್ಲಿಲ್ಲ. ನೂರು ವರ್ಷ ಮುಚ್ಚಿಟ್ಟರೂ ಆ ಕೆಗ್ಗಿಗೆ ಅಮಲೇರದು. ಕುಡಿಯುವ ಚೇತನನೊಬ್ಬನಿದ್ದಾಗಲೇ ಮದವೆಂಬ ಮಾತಿಗೆ ಅರ್ಥ. ಚೈತನ್ಯವನ್ನು ವಿವರಿಸಲೆಂದು ತಂದ ದೃಷ್ಟಾಂತವು ತನ್ನ ಬೆಲೆಯನ್ನು ಚೈತನ್ಯದಿಂದಲೇ ಕಡ ತಂದಿದೆ.

ಮೂರನೆಯ ದಿನ ಪೊಟ್ಟಣ ಬಂತು. ಮಿತ್ರರು ಮುಚ್ಚಳ ತೆಗೆದು ಯೀಸ್ಟನ್ನು ಉದುರಿಸಿ ಮತ್ತೆ ಬಿಗಿದರು. ಮರುದಿನ ಬೆಳಗ್ಗೆ ದೀಪ ಹಿಡಿದು ಇಳಿದುಹೋಗಿ ನೋಡಿದೆ. ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟು ಕದಲಿತ್ತು.