ಹಿಂದಿನ ಕೋಣೆಯ ಕೆಲಸ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ ಮೇಲೆ ನಮಗಿರುವುದು ಬಾಯಿ ತೆರೆಯುವ ಕೆಲಸವೊಂದೇ. ಒಳಗೆ ಬರುವ ಇಕ್ಕಳ, ಡ್ರಿಲ್ಲು ಸ್ವಲ್ಪ ಹೊತ್ತಿಗೆ ಮುಂಚೆ ಯಾರ ಬಾಯಲ್ಲಿತ್ತು, ಆಮೇಲೆ ಅದನ್ನು ಹೇಗೆ ತೊಳೆದರು ಎಂದು ತಿಳಿಯುವ ದಾರಿ ನಮಗಿಲ್ಲ. ನಾವು ನೋಡಲಾಗದ್ದನ್ನು ನಮ್ಮ ಪರವಾಗಿ ಯಾರಾದರೂ ನೋಡಲೇಬೇಕು.

ಜರ್ಮನಿಯಲ್ಲಿ 2001ರಲ್ಲಿ ಜಾರಿಗೆ ಬಂದ ಸೋಂಕು ತಡೆ ಕಾಯ್ದೆ, ದಂತ ಚಿಕಿತ್ಸಾಲಯಗಳ ಶುಚಿತ್ವವನ್ನು ಪರಿಶೀಲಿಸುವ ಅಧಿಕಾರವನ್ನು ಸ್ಥಳೀಯ ಆರೋಗ್ಯ ಕಚೇರಿಗಳಿಗೆ ಕೊಟ್ಟಿತು. ಫ್ರಾಂಕ್‌ಫರ್ಟ್ ನಗರದ ಆರೋಗ್ಯ ಕಚೇರಿ 2005ರಲ್ಲಿ ಇದಕ್ಕೆಂದೇ ಪ್ರಾಯೋಗಿಕ ಯೋಜನೆಯೊಂದನ್ನು ಕೈಗೊಂಡು, ಕಂಡದ್ದನ್ನು ಮರುವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಅದೇ 2006ರಲ್ಲಿ ಬರ್ಲಿನ್ನಿನ ರಾಬರ್ಟ್ ಕಾಖ್ ಸಂಸ್ಥೆಯಿಂದ ದಂತವೈದ್ಯಕ್ಕೆಂದೇ ಶುಚಿತ್ವದ ಮಾರ್ಗಸೂಚಿ ಹೊರಬಂತು.

ಇಂಥ ತಪಾಸಣೆಯಲ್ಲಿ, ಉಪಕರಣಗಳನ್ನು ಹಬೆಯಿಂದ ಶುದ್ಧೀಕರಿಸುವ ಯಂತ್ರವಾದ ಆಟೊಕ್ಲೇವ್ ಇದೆಯೇ ಎಂದು ನೋಡಿದರೆ ಸಾಲದು. ಮೊದಲು ತೊಳೆಯುವುದನ್ನು ನೋಡಬೇಕು, ಏಕೆಂದರೆ ಅಂಟಿ ಒಣಗಿದ ರಕ್ತದಡಿ ಇರುವ ರೋಗಾಣುವಿಗೆ ಹಬೆ ಸರಿಯಾಗಿ ತಾಕುವುದಿಲ್ಲ. ಡ್ರಿಲ್ಲಿನ ಹಿಡಿಕೆಯೊಳಗೆ ತೀರಾ ಸಣ್ಣ ಕೊಳವೆಗಳಿರುತ್ತವೆ. ಅಲ್ಲಿನ ಗಾಳಿಯನ್ನು ಯಂತ್ರ ಮೊದಲು ಹೀರಿ ತೆಗೆದರಷ್ಟೇ 134 ಡಿಗ್ರಿಯ ಹಬೆ ಒಳಹೋಗುತ್ತದೆ. ಉಪಕರಣವಿಟ್ಟ ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಿಸಿದರೆ ಅದು ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. ಆದ್ದರಿಂದಲೇ ಯಂತ್ರದ ಪರೀಕ್ಷೆ, ತಾರೀಕು, ಪುಸ್ತಕದಲ್ಲಿ ಸಹಿ ಎಲ್ಲವೂ ಬೇಕು.

ಇದು ದೂರದ ದೇಶದ ಅತಿಶಿಸ್ತು ಎನ್ನುವವರು ಬೆಂಗಳೂರು–ಚೆನ್ನೈ ರೈಲು ದಾರಿಯ ವಾಣಿಯಂಬಾಡಿಯನ್ನು ನೆನೆಯಲಿ. 2023ರಲ್ಲಿ ಅಲ್ಲಿನ ದಂತ ಚಿಕಿತ್ಸಾಲಯವೊಂದಕ್ಕೆ ಹೋಗಿಬಂದವರಲ್ಲಿ ಎಂಟು ಮಂದಿ ಮಿದುಳಿಗೆ ಸೋಂಕು ತಗಲಿ ತೀರಿಕೊಂಡರು. ಸಲೈನ್ ಬಾಟಲಿಯನ್ನು ಶುದ್ಧೀಕರಿಸದ ಉಪಕರಣದಿಂದ ತೆರೆದು, ಅರೆಬರೆ ಮುಚ್ಚಿಟ್ಟು, ಮತ್ತೆ ಬಳಸಿದ್ದರತ್ತ ತನಿಖೆ ಮಾಡಿದ ತಜ್ಞರು ಬೊಟ್ಟು ಮಾಡಿದರು. ಹಲ್ಲುನೋವಿಗೆಂದು ಹೋದವರು ಜೀವ ಕಳೆದುಕೊಂಡದ್ದು ಇಷ್ಟು ಸಣ್ಣ ಅಜಾಗರೂಕತೆಗೆ.

ಕರ್ನಾಟಕದಲ್ಲೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ದಂತ ಕ್ಲಿನಿಕ್ಕುಗಳು ನೋಂದಣಿಯಾಗಬೇಕು. ನೋಂದಣಿ ಪತ್ರ ಗೋಡೆಗೆ ತೂಗಿದ ಮೇಲೂ ಯಾರಾದರೂ ಹಿಂದಿನ ಕೋಣೆಗೆ ಹೋಗಿ ನೋಡುತ್ತಿರಬೇಕು. ಉಪಕರಣ ತೊಳೆದು, ಒರೆಸಿ, ಪೊಟ್ಟಣ ಕಟ್ಟುವ ಸಹಾಯಕಿ ಅಲ್ಲಿರುತ್ತಾಳೆ. ಹೊರಗೆ ರೋಗಿಗಳ ಸಾಲು ಬೆಳೆದಾಗ ಅವಸರದ ಒತ್ತಡವೆಲ್ಲ ಅವಳ ಮೇಲೆಯೇ. ತೊಳೆಯುವ ಹತ್ತು ನಿಮಿಷ ಐದಕ್ಕಿಳಿಯುವುದು ಆಗಲೇ. ಅವಳಿಗೆ ತರಬೇತಿ ಬೇಕು, ಸಾಕಷ್ಟು ಉಪಕರಣ ಬೇಕು, “ಇದಿನ್ನೂ ಸಿದ್ಧವಾಗಿಲ್ಲ ಡಾಕ್ಟ್ರೇ” ಎಂದು ಹೇಳುವ ಧೈರ್ಯವೂ ಬೇಕು.

ನಾವೂ ಒಂದು ಮಾತು ಕೇಳಬಹುದು: “ಪೊಟ್ಟಣ ನನ್ನೆದುರಿಗೇ ಬಿಚ್ಚುತ್ತೀರಾ?” ಶ್ರದ್ಧೆಯಿಂದ ಕೆಲಸ ಮಾಡುವ ವೈದ್ಯರು ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ. ಕೇಳುವವರು ಹೆಚ್ಚಿದಷ್ಟೂ ಆ ಸಹಾಯಕಿಗೆ ತನ್ನ ಕೆಲಸ ಪೂರ್ತಿ ಮಾಡಲು ಸಮಯ ಸಿಗುತ್ತದೆ.