ಪರದೇಶಿಯೂ ಕುಲವಿಚಾರವೂ

ನಮ್ಮ ನುಡಿಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಪರದೇಶದಿಂದ ಬಂದವನೆಂಬುದು ಶಬ್ದಾರ್ಥ. ದಿಕ್ಕಿಲ್ಲದವನು, ತನ್ನವರೆಂಬವರು ಯಾರೂ ಇಲ್ಲದವನು ಎಂಬುದು ರೂಢಾರ್ಥ. ಊರು ಬಿಟ್ಟು ಬಂದವನಿಗೆ ಆಸರೆ ದುರ್ಲಭವೆಂಬ ಲೋಕಾನುಭವವು ಈ ಎರಡು ಅರ್ಥಗಳನ್ನೂ ಒಂದೇ ಮಾತಿನಲ್ಲಿ ಕೂಡಿಸಿದೆ. ಬಂದವನು ಯಾವ ಬಲದಿಂದ ಆಸರೆಯನ್ನು ಬೇಡಬೇಕು, ಇರುವವನು ಯಾವ ಅಳತೆಯಿಂದ ಅದನ್ನು ಕೊಡಬೇಕು? ಶರಣತತ್ತ್ವದ ಬೆಳಕಿನಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಅಮೇರಿಕಾ ದೇಶದಲ್ಲಿ ನಡೆದ ಒಂದು ವ್ಯಾಜ್ಯವು ಉತ್ತಮ ನಿದರ್ಶನವಾಗಿದೆ.

ಭಗತ್ ಸಿಂಗ್ ಥಿಂದ್ ಎಂಬವರು ಪಂಜಾಬಿನ ಸಿಖ್ಖರು. 1913ರಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನವನ್ನು ಸೇರಿ, ಆರೆಗಾನ್ ಪ್ರಾಂತದ ಮರದ ಕಾರ್ಖಾನೆಯಲ್ಲಿ ದುಡಿದರು. 1918ರಲ್ಲಿ ಆ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಅದು ಭಾರತೀಯರಿಗೆ ಅಲ್ಲಿ ಅನುಕೂಲವಾದ ಕಾಲವಲ್ಲ. 1907ರಲ್ಲಿಯೇ ವಾಷಿಂಗ್ಟನ್ ಪ್ರಾಂತದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ, ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ನೂರಾರು ಭಾರತೀಯರನ್ನು ಜನರ ಗುಂಪೊಂದು ಬಡಿದು ಊರಿನಿಂದ ಓಡಿಸಿತ್ತು. ಆ ದೇಶದ ಶಾಸನವು 1790ರಿಂದ ಬಿಳಿಯರಿಗೆ, 1870ರಿಂದ ಆಫ್ರಿಕಾ ಮೂಲದವರಿಗೆ ಮಾತ್ರವೇ ಪೌರತ್ವದ ಬಾಗಿಲನ್ನು ತೆರೆದಿತ್ತು. ಏಷ್ಯಾ ಖಂಡದವರ ಹೆಸರೇ ಅದರಲ್ಲಿ ಇರಲಿಲ್ಲ.

1922ರಲ್ಲಿ ತಕಾವೊ ಒಜಾವಾ ಎಂಬ ಜಪಾನೀಯರು ಪೌರತ್ವವನ್ನು ಬೇಡಿದಾಗ, ಚರ್ಮದ ಬಣ್ಣವು ಪ್ರಮಾಣವಲ್ಲ, ‘ಬಿಳಿಯ’ನೆಂದರೆ ಕಕೇಶಿಯನ್ ಜನಾಂಗದವನು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಉತ್ತರ ಭಾರತದವರನ್ನು ಅಂದಿನ ಪಂಡಿತರು ಆ ಜನಾಂಗದಲ್ಲಿಯೇ ಎಣಿಸುತ್ತಿದ್ದರು. ಥಿಂದ್ ಅವರ ಪಕ್ಷದವರು ಇದನ್ನೇ ಆಧಾರವಾಗಿ ಹಿಡಿದರು. ಇವರು ಉಚ್ಚ ಜಾತಿಯವರು, ಆರ್ಯ ರಕ್ತದವರು. ಅಮೇರಿಕದ ಬಿಳಿಯನು ಕರಿಯನೊಡನೆ ವಿವಾಹಸಂಬಂಧವನ್ನು ಒಲ್ಲದಂತೆಯೇ ಭಾರತದ ಉಚ್ಚ ಜಾತಿಯವನು ಮೂಲನಿವಾಸಿಗಳ ಸಂಬಂಧವನ್ನು ಒಲ್ಲನು ಎಂದು ವಾದಿಸಿದರು. 1923ನೆಯ ಫೆಬ್ರವರಿ 19ರಂದು ತೀರ್ಪು ಬಂದಿತು. ಪಂಡಿತರ ವರ್ಗೀಕರಣವು ಪ್ರಮಾಣವಲ್ಲ, ಸಾಮಾನ್ಯ ಜನರ ತಿಳಿವಳಿಕೆಯೇ ಪ್ರಮಾಣ. ಆ ತಿಳಿವಳಿಕೆಯಂತೆ ಇವರು ಬಿಳಿಯರಲ್ಲ ಎಂದು ನ್ಯಾಯಾಲಯವು ನಿರ್ಣಯಿಸಿತು. ಮೂರು ತಿಂಗಳ ಹಿಂದೆ ಒಬ್ಬನನ್ನು ಹೊರಗಿಡಲು ಹಿಡಿದ ಅಳತೆಗೋಲನ್ನು, ಮತ್ತೊಬ್ಬನು ಅದೇ ಅಳತೆಯಲ್ಲಿ ಒಳಗೆ ಬರಲು ಹೊರಟಾಗ, ಬದಲಾಯಿಸಿದರು.

ಇದರ ಫಲ ಘೋರವಾಯಿತು. ಮೊದಲೇ ಪೌರತ್ವವನ್ನು ಪಡೆದಿದ್ದ ಅನೇಕ ಭಾರತೀಯರು ಅದನ್ನು ಕಳೆದುಕೊಂಡರು. ಕ್ಯಾಲಿಫೋರ್ನಿಯಾದ 1913ರ ಶಾಸನದಂತೆ ಪೌರತ್ವಕ್ಕೆ ಅನರ್ಹರಾದವರಿಗೆ ಭೂಮಿಯ ಒಡೆತನವೂ ಇಲ್ಲವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡಿಕೊಂಡು, ಆ ದೇಶವನ್ನೇ ತನ್ನ ದೇಶವೆಂದು ನಂಬಿದ್ದ ವೈಷ್ಣೋ ದಾಸ್ ಬಗಾಯ್ ಎಂಬ ಗೃಹಸ್ಥರು ಪೌರತ್ವವನ್ನು ಕಳೆದುಕೊಂಡು, 1928ರಲ್ಲಿ ಪ್ರಾಣತ್ಯಾಗ ಮಾಡಿದರು.

ಇಲ್ಲಿ ಅನ್ಯಾಯವು ಯಾರದು? ಮುಖ್ಯವಾಗಿ ಬಾಗಿಲು ಹಾಕಿದವರದು, ಇದರಲ್ಲಿ ಸಂಶಯವಿಲ್ಲ. ಶಾಸನವು ಕುಲವನ್ನು ಕೇಳಿತು, ಆದುದರಿಂದ ಇವರು ಕುಲವನ್ನು ಹೇಳಿದರು. ಬಾಗಿಲು ತಟ್ಟುವವನು ಬಾಗಿಲನ್ನು ಕೆತ್ತಿದವನಲ್ಲವಷ್ಟೆ ಎಂದು ಯಾರಾದರೂ ಹೇಳಿದರೆ ಅದೂ ಸತ್ಯವೇ. ಆದರೂ ಆ ವಾದದ ಒಳಗಿರುವ ವಿಷವನ್ನು ನಾವು ಗುರುತಿಸದೆ ಬಿಡಲಾಗದು. ‘ನನ್ನನ್ನು ಒಳಗೆ ಕರೆದುಕೊಳ್ಳಿರಿ, ಏಕೆಂದರೆ ನಾನೂ ನಿಮ್ಮಂತೆಯೇ ಇನ್ನೊಬ್ಬನನ್ನು ಹೊರಗಿಟ್ಟವನು’ ಎಂಬುದೇ ಅದರ ತಾತ್ಪರ್ಯ. ಹುಟ್ಟಿನ ಬಲದಿಂದ ಮಾನವನ್ನು ಬೇಡುವವನು, ಹುಟ್ಟಿನ ಕಾರಣದಿಂದ ಅವಮಾನ ಮಾಡುವವನ ಶಾಸ್ತ್ರವನ್ನು ಒಪ್ಪಿಕೊಂಡಂತಾಯಿತು. ಆ ಶಾಸ್ತ್ರದಲ್ಲಿ ತಕ್ಕಡಿ ಯಾವಾಗಲೂ ಬಲಿಷ್ಠನ ಕೈಯಲ್ಲಿಯೇ ಇರುತ್ತದೆ.

ಈ ಕಥೆಗೆ ಉತ್ತರಭಾಗವೊಂದುಂಟು. 1935ರಲ್ಲಿ ಅಲ್ಲಿ ಹೊಸ ಶಾಸನವಾಗಿ, ಪ್ರಥಮ ಮಹಾಯುದ್ಧದಲ್ಲಿ ಆ ದೇಶದ ಪರವಾಗಿ ಸೇವೆ ಮಾಡಿದವರಿಗೆ, ಅವರು ಯಾವ ಜನಾಂಗದವರಾದರೂ, ಪೌರತ್ವವು ದೊರೆಯುವಂತಾಯಿತು. ಮರುವರ್ಷವೇ ಥಿಂದ್ ಅವರು ಪೌರರಾದರು. ಆರ್ಯರಕ್ತವು ತೆರೆಯಲಾರದ ಬಾಗಿಲನ್ನು ಅವರ ದುಡಿಮೆಯು ತೆರೆಯಿತು. ಕಾಯಕವೇ ಮನುಷ್ಯನ ಯೋಗ್ಯತೆಯ ಗುರುತು ಎಂದು ಹನ್ನೆರಡನೆಯ ಶತಮಾನದಲ್ಲಿ ಶರಣರು ಸಾರಿದ ತತ್ತ್ವವು, ಅವರ ಹೆಸರನ್ನೂ ಕೇಳದ ನಾಡಿನಲ್ಲಿ, ಒಂದಿಷ್ಟಾದರೂ ನಿಜವಾಯಿತು.

ಕಲ್ಯಾಣವು ಬಂದವರಿಂದಲೇ ಬೆಳಗಿದ ಪಟ್ಟಣ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಮರುಳಶಂಕರದೇವರು ಅಫಘಾನಿಸ್ತಾನದ ಕಡೆಯಿಂದ ಬಂದವರೆಂದು ಪ್ರತೀತಿ. ಒಬ್ಬರು ಅರಸೊತ್ತಿಗೆಯನ್ನು ತೊರೆದು ಕಟ್ಟಿಗೆ ಹೊತ್ತರು. ಇನ್ನೊಬ್ಬರು ಮಹಾಮನೆಯಲ್ಲಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದರೆಂದೂ, ಅಲ್ಲಮಪ್ರಭುಗಳು ಬಂದು ಅವರನ್ನು ತೋರಿಸಿಕೊಟ್ಟರೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಈ ಪ್ರಸಂಗವು ಮನನೀಯವಾದುದು. ಬಸವಣ್ಣನವರ ಮನೆಯಲ್ಲಿಯೂ ಒಬ್ಬ ಪರದೇಶಿಯು ಕಾಣದಂತೆ ಉಳಿಯುವುದು ಸಾಧ್ಯವಾಯಿತು! ಅನ್ನವಿಟ್ಟ ಮಾತ್ರಕ್ಕೆ ಆಸರೆ ಪೂರ್ಣವಾಗದು. ಕಂಡು ಗುರುತಿಸಿದಾಗಲೇ ಅದು ಪೂರ್ಣವಾಗುವುದು.

ಇಷ್ಟು ಜನರು ಬರಲಿ, ಇಂಥ ನಿಯಮದಿಂದ ಬರಲಿ ಎಂದು ಗೊತ್ತುಪಡಿಸುವ ಅಧಿಕಾರವು ಪ್ರತಿಯೊಂದು ದೇಶಕ್ಕೂ ಉಂಟು. ಆದರೆ ನಿಯಮ ಬೇರೆ, ತಿರಸ್ಕಾರ ಬೇರೆ. ಸಂಖ್ಯೆಯನ್ನು ನೋಡಿ ನಿಲ್ಲಿಸಿದರೆ ಅದು ವ್ಯವಸ್ಥೆ. ಹುಟ್ಟನ್ನು ನೋಡಿ ನಿಲ್ಲಿಸಿದರೆ ಅದು ಸೂತಕ.

ಅಮೇರಿಕವು 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕನ್ನು ಕೊಟ್ಟಿತು. ವರ್ಷಕ್ಕೆ ನೂರು ಜನರಷ್ಟೇ ಬರಬಹುದೆಂಬ ಮಿತಿಯನ್ನೂ ಇಟ್ಟಿತು. 1965ರ ಶಾಸನವು ಆ ಮಿತಿಯನ್ನು ತೆಗೆಯುವ ದಾರಿ ಮಾಡಿತು. ಅನಂತರ ಹೋದವರಲ್ಲಿ ಕನ್ನಡಿಗರೂ ಅನೇಕರು; ಇಷ್ಟಲಿಂಗವನ್ನು ಧರಿಸಿದವರೂ ಇದ್ದಾರೆ. ಆದರೆ 2023ರಲ್ಲಿ ಸಿಯಾಟಲ್ ನಗರಸಭೆಯು ಜಾತಿಯ ಕಾರಣದಿಂದ ಭೇದ ಮಾಡುವುದನ್ನು ನಿಷೇಧಿಸಿ ಶಾಸನ ಮಾಡಬೇಕಾಯಿತು ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ. ಕಡಲು ದಾಟುವಾಗ ಭಾಷೆಯನ್ನು ಅರ್ಧ ಮರೆತವರು ಜಾತಿಯನ್ನು ಮಾತ್ರ ಜೋಪಾನವಾಗಿ ಗಂಟು ಕಟ್ಟಿಕೊಂಡು ಹೋದರೆ ಏನೆನ್ನಬೇಕು?

ಪರದೇಶದಲ್ಲಿ ಮಾನವನ್ನು ಬೇಡುವ ಕೈ, ಸ್ವದೇಶದಲ್ಲಿ ಅದನ್ನು ಕೊಡಲು ಕಲಿತಿರಬೇಕು. ದುಡಿಮೆಗೆಂದು ನಮ್ಮ ಊರಿಗೆ ಬಂದ ಅನ್ಯಪ್ರಾಂತದ ಕೂಲಿಕಾರನನ್ನು ನಾವು ಯಾವ ಮಾತಿನಿಂದ ಕರೆಯುತ್ತೇವೆ, ಯಾವ ಕೇರಿಯಲ್ಲಿ ಇರಗೊಡುತ್ತೇವೆ ಎಂಬುದನ್ನು ಪ್ರತಿಯೊಬ್ಬ ಸದ್ಭಕ್ತನೂ ತನ್ನ ಮನೆಯ ಹೊಸ್ತಿಲಲ್ಲಿ ನಿಂತು ವಿಚಾರಿಸಿಕೊಳ್ಳಲಿ. ದೇವನು ಒಬ್ಬನೇ ಆದ ಮೇಲೆ ಅವನ ಮನೆಯಲ್ಲಿ ಪರದೇಶಿ ಯಾರು?